ಹೊಸ್ತಿಲಿನ ಎಲೆ

ಹನ್ನೊಂದನೆಯ ವಯಸ್ಸಿನಲ್ಲಿ ಸಲೋಮಿ ಬೈಬಲ್ ಮೇಲೆ ಕೈಯಿಟ್ಟು ಅಪ್ಪನಿಗೆ ಮಾತು ಕೊಟ್ಟಿದ್ದಳು: "ಇನ್ನ ಮುಂದ ಇಸ್ಪೀಟ ಎಲಿ ಮುಟ್ಟಂಗಿಲ್ಲ, ಪಪ್ಪಾ." ಬೀದರಿನ ಮೈಲೂರಿನಲ್ಲಿ, ಪಕ್ಕದ ಮನೆಯ ಬಿಸ್ಮಿಲ್ಲಾಬೀಯ ಮಕ್ಕಳ ಜೊತೆ ಕಟ್ಟೆಯ ಮೇಲೆ ಎಲೆ ಆಡುತ್ತಾ ಸಿಕ್ಕಿಬಿದ್ದ ದಿನವದು. ಸಲೋಮಿಯ ಮೆಥೊಡಿಸ್ಟ್ ಕ್ರೈಸ್ತ ಮನೆಯಲ್ಲಿ ಇಸ್ಪೀಟು ಸಾರಾಯಿಗೆ ಸಮ.

ಈಗ ಆಕೆಗೆ ಮೂವತ್ತೆಂಟು. ನಸುಕಿನ ಔರಾದ ಬಸ್ಸಿನ ಕಿಟಕಿ ಪಕ್ಕ ಕೂತು, ಗಾಜು ಸೀಳಿದ ಮೊಬೈಲಿನಲ್ಲಿ ಬೆರಳಿನಿಂದಲೇ ಕರಿಹಲಗೆಯೊಂದನ್ನು ಬಿಡಿಸುತ್ತಿದ್ದಾಳೆ. ಬಸ್ಸು ಕುಲುಕಿದರೆ ಗೆರೆ ಸೊಟ್ಟ. ಅಳಿಸಿ ಮತ್ತೆ ಎಳೆಯುತ್ತಾಳೆ. ವಾರದಲ್ಲಿ ಮೂರು ದಿನ ಔರಾದ, ಮೂರು ದಿನ ಭಾಲ್ಕಿ. ಶಾಲೆಗಳಲ್ಲಿ ಮಕ್ಕಳ ಮನಸ್ಸಿನ ಮಾತು ಕೇಳುವ ಗುತ್ತಿಗೆ ಕೆಲಸ.

ಆ ಮಕ್ಕಳು ಹೇಳಿದ ಅಂಜಿಕೆಗಳೇ ಆಕೆ ಕಟ್ಟಿದ ಮೊಬೈಲ್ ಆಟದ ಎಲೆಗಳು. ಮಕ್ಕಳದು ಎಲ್ಲ ಸೇರಿ ಅರವತ್ಮೂರು ಅಂಜಿಕೆ. ಭಾಲ್ಕಿಯ ಮೊಬೈಲ್ ಅಂಗಡಿಯ ಅಖೀಲ ಅವನ್ನು ಆಟವಾಗಿ ಜೋಡಿಸಿಕೊಟ್ಟಿದ್ದಾನೆ. ಅಂಜಿಕೆಯ ಎಲೆ ಬಂದರೆ ಅದರ ಮೇಲೆ ಇಳಿಸಲು ಉತ್ತರದ ಎಲೆ ಬೇಕು. ಆ ಉತ್ತರವನ್ನು ಸಲೋಮಿ ತಾನಾಗಿ ಬರೆಯುವುದಿಲ್ಲ, ಅಂಜಿದವರೇ ಹೇಳಬೇಕು. ಚಿಂತಾಕಿ ಶಾಲೆಯ ಸೋನಾಲಿಗೆ ಕರಿಹಲಗೆಯ ಮುಂದೆ ನಿಲ್ಲುವುದೆಂದರೆ ನಡುಕ. ಎರಡು ತಿಂಗಳು ಕಾಯಿಸಿ ಹೇಳಿದಳು: "ಸರ್ ಕರಿಯೂದ್ರಾಗ ನಾನೇ ಎದ್ದ ಹೋಗ್ತೇನ್ರಿ ಟೀಚರ. ಕುಂತ ಕಾಯೂದ ಭಾಳ ಕಠಿಣ ಅದ."

ಅಪ್ಪ ವಿಲಿಯಂ ಕಂಪೌಂಡರ್ ಆಗಿದ್ದವರು. ಕರೋನಾ ವರ್ಷ ಹೆಂಡತಿಯ ಮಣ್ಣಿಗೆ ಹೋಗಿ ಬಂದವರು, ಮತ್ತೆ ಹೊಸ್ತಿಲು ದಾಟಿಲ್ಲ. ಮಗಳು ಬಿಡಿಸುವುದು ಪಾಠದ ಚಿತ್ರಗಳೆಂದು ತಿಳಿದಿದ್ದರು. ಆಕೆಯೂ ತಿದ್ದಲಿಲ್ಲ. ಒಂದು ದಿನ ತಾವಾಗಿಯೇ ಬಾಯಿಬಿಟ್ಟರು: "ನಂದೂ ಒಂದ ಬರಕೋ. ಹೊರಗ ಹೋದ್ರ, ತಿರುಗಿ ಬರೂದ್ರಾಗ ಮನ್ಯಾಗ ಯಾರೂ ಇರಂಗಿಲ್ಲ ಅನಸ್ತದ."

ಸಲೋಮಿ ಹೊಸ್ತಿಲು ಬಿಡಿಸಿದಳು, ಅದರ ಮೇಲೆ ಒಂದು ಜೊತೆ ಚಪ್ಪಲಿ. ಅರವತ್ತನಾಲ್ಕನೆಯ ಎಲೆ. ಉತ್ತರ ಯಾವಾಗ ಎಂದು ಪ್ರತಿ ರವಿವಾರ ಕೇಳುತ್ತಿದ್ದಳು. ಹೋದ ತಿಂಗಳು ಅಪ್ಪ, ಬರುವ ರವಿವಾರ ಗೇಟಿನ ತನಕ ನಡೆದು ನೋಡುವೆ ಎಂದಿದ್ದರು. ಅದೇ ವಾರ, ಆಕೆ ಆಟ ಪರೀಕ್ಷಿಸುವಾಗ ಮೊಬೈಲಿನಿಂದ ಎಲೆ ಕಲಸುವ ಸಪ್ಪಳ ಬಂತು. ಆ ಸಪ್ಪಳದ ಗುರುತು ಅವರಿಗೆ ಇತ್ತು.

ರಾಜ ಇಲ್ಲ, ರಾಣಿ ಇಲ್ಲ, ಬಾಜಿ ಕಟ್ಟುವುದಿಲ್ಲ ಎಂದು ಆಕೆ ವಿವರಿಸಲು ಹೋದಳು.

"ಎಲಿ ಕಲಸ್ತದೋ ಇಲ್ಲೋ, ಅಷ್ಟ ಹೇಳ."

"ಕಲಸ್ತದ, ಪಪ್ಪಾ."

"ಹಂಗಾದ್ರ ನಂದು ತಗದ ಬಿಡ."

ತೆಗೆದಳು. ಆಟದಲ್ಲೀಗ ಅರವತ್ಮೂರು. ಭಾಲ್ಕಿಯ ಮಕ್ಕಳು ಆಡಿ ನಗುತ್ತಾರೆ. ಇತ್ತ ರವಿವಾರ ಚರ್ಚಿನ ಗಂಟೆ ಕೇಳಿದಾಗ ಅಪ್ಪ ಇಸ್ತ್ರಿಯ ಅಂಗಿ ಹಾಕಿಕೊಂಡು, ಬಾಗಿಲಿಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂರುತ್ತಾರೆ. ಗೇಟಿನ ಮಾತು ಮತ್ತೆ ಎತ್ತಿಲ್ಲ. ಮಗಳ ಜೊತೆ ಯಾವ ಮಾತೂ ಇಲ್ಲ.

"ಗೆಲ್ಲೂದ ಬ್ಯಾಡ, ಪಪ್ಪಾ," ಎನ್ನುತ್ತಾಳೆ ಸಲೋಮಿ ತನ್ನಷ್ಟಕ್ಕೇ, ಬಸ್ಸಿನಿಂದ ಇಳಿಯುತ್ತಾ. "ಒಮ್ಮಿ ಗೇಟಿನ ತನಕ ಬಂದ್ರ ಸಾಕಾಗಿತ್ತು."

ಬೈಬಲ್ ಮೇಲೆ ಕೈಯಿಟ್ಟು ಕೊಟ್ಟ ಮಾತನ್ನು ಆಕೆ ಮುರಿದಿದ್ದಾಳೆ.