ಮೆಜೆಸ್ಟಿಕ್‌ನಲ್ಲಿ ಕೊಂಡ ತಾಳಿ

ಹೇರೋಹಳ್ಳಿಯ ಮನೆಯನ್ನು ಬಾಡಿಗೆಗೆ ಹಿಡಿಯುವಾಗ ನಾನೂ ನಾನು ಪ್ರೀತಿಸುತ್ತಿದ್ದವನೂ ಗಂಡ ಹೆಂಡತಿ ಎಂದು ಓನರ್ ಆಂಟಿಗೆ ಹೇಳಿದ್ದೆವು. ಹೇಳದಿದ್ದರೆ ಮನೆ ಸಿಗುತ್ತಿರಲಿಲ್ಲ. ಹಿಂದಿನ ದಿನ ಮೆಜೆಸ್ಟಿಕ್ ಫುಟ್‌ಪಾತಿನಲ್ಲಿ ಕರಿಮಣಿಯ ತಾಳಿಯೊಂದನ್ನು ಕೊಂಡು ಕತ್ತಿಗೆ ಹಾಕಿಕೊಂಡಿದ್ದೆ.

ಎರಡು ವರ್ಷ ಜೊತೆಗಿದ್ದು, ನನ್ನಿಂದ ಎಂಬತ್ತು ಸಾವಿರ ಸಾಲ ಪಡೆದು, ಅವನು ಕೆಂಗೇರಿಗೆ ಗಂಟುಮೂಟೆ ಕಟ್ಟಿದ. ಫೋನ್ ಎತ್ತುವುದನ್ನೂ ಬಿಟ್ಟ. ಒಂಟಿ ಹೆಂಗಸಿಗೆ ಬೇರೆ ಮನೆ ಕೊಡುವವರು ಯಾರು? ಗಂಡ ದುಬೈಗೆ ಕೆಲಸಕ್ಕೆ ಹೋಗಿದ್ದಾನೆ ಎಂದು ಆಂಟಿಗೆ ಕತೆ ಕಟ್ಟಿ ಅಲ್ಲೇ ಉಳಿದೆ. ಪ್ರತಿ ಶುಕ್ರವಾರ ಅವರು ಕರೆದು ಕುಂಕುಮ ಇಡುತ್ತಿದ್ದರು. "ನಿಮ್ಮನೆಯವ್ರು ಯಾವಾಗ ಬರ್ತಾರೇ?" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಆಫೀಸಿನ ಬಸ್ಸು ಹತ್ತಿದ ಮೇಲೆ ತಾಳಿ ತೆಗೆದು ಪರ್ಸಿಗೆ ಹಾಕುತ್ತಿದ್ದೆ.

ಕೊನೆಗೆ ಸಣ್ಣ ಮೊತ್ತದ ಕೇಸು ನೋಡುವ ಕೋರ್ಟಿನಲ್ಲಿ ದಾವೆ ಹೂಡಿದೆ. ಅವನ ವಕೀಲರ ಉತ್ತರ ಓದಿ ಮೈ ಉರಿದುಹೋಯಿತು. ಈಕೆ ನನ್ನ ಹೆಂಡತಿ, ದುಡ್ಡು ಸಂಸಾರಕ್ಕೆ ಖರ್ಚಾಗಿದೆ, ಸಾಲದ ಮಾತೇ ಇಲ್ಲ, ಬೇಕಿದ್ದರೆ ಮನೆ ಓನರನ್ನು ಕೇಳಿ ಎಂದಿತ್ತು. ಮದುವೆಯ ಮಾತೆತ್ತಿದಾಗಲೆಲ್ಲ "ನೋಡೋಣ ಕಣೇ" ಎನ್ನುತ್ತಿದ್ದವನು ಈಗ ಕೋರ್ಟಿನಲ್ಲಿ ನನ್ನ ಗಂಡನಾಗಿದ್ದ.

ವಿಚಾರಣೆಯೂ ಶುಕ್ರವಾರವೇ ಬಿತ್ತು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದ ನನಗೆ ತಾಳಿ ತೆಗೆಯುವುದು ಮರೆತೇಹೋಯಿತು. ಕಟಕಟೆಯಲ್ಲಿ ನಿಂತಾಗ ಅವನ ವಕೀಲರು ತಣ್ಣಗೆ ಕೇಳಿದರು.

"ಮದುವೆ ಆಗಿಲ್ಲ ಅಂತೀರಿ. ಕತ್ತಲ್ಲಿರೋದು ಏನಮ್ಮ?"

ಗೋಡೆಯ ಪಕ್ಕ ನಿಂತಿದ್ದ ಅವನು ಫೋನ್ ನೋಡುತ್ತಿದ್ದ. ಆ ನಿರಾಳ ಕಂಡು ನನಗೆ ತಡೆಯಲಾಗಲಿಲ್ಲ. ತಾಳಿಯನ್ನು ಹಿಡಿದು ಜಗ್ಗಿದೆ. ದಾರ ಕಿತ್ತು ಮಣಿಗಳೆಲ್ಲ ನೆಲಕ್ಕೆ ಚೆಲ್ಲಿದವು.

"ಮೆಜೆಸ್ಟಿಕ್ ಫುಟ್‌ಪಾತ್ದು ಸಾರ್. ನೂರೈವತ್ತು ರೂಪಾಯಿ. ಅದನ್ನೂ ನಾನೇ ಕೊಟ್ಟಿದ್ದು."

ಹಿಂದೆ ಯಾರೋ ನಕ್ಕರು. ನ್ಯಾಯಾಧೀಶರು ಸುಮ್ಮನಿರಲು ಹೇಳಿ, ನನ್ನ ಮಾತನ್ನು ಬರೆಸಿಕೊಂಡು, ಮುಂದಿನ ತಾರೀಖು ಕೊಟ್ಟರು. ಬಹಳ ದಿನಗಳ ನಂತರ ಹೊಟ್ಟೆ ತಣ್ಣಗಾಗಿತ್ತು. ದಾರಿಯಲ್ಲಿ ಇಳಿದು ಮಸಾಲೆ ದೋಸೆ ತಿಂದೆ.

ಮನೆಯ ಗೇಟು ತೆಗೆದಾಗ ಆಂಟಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಮೆಟ್ಟಿಲ ಬಳಿ ಕಾಯುತ್ತಿದ್ದರು. ನನ್ನ ಕತ್ತು ನೋಡಿದರು. ತಟ್ಟೆ ಅಲ್ಲೇ ಕೆಳಗಿಟ್ಟರು.

"ಅಯ್ಯೋ ನನ್ ಕಂದಾ! ಯಾವಾಗಾಯ್ತೇ? ದುಬೈಯಿಂದ ಫೋನ್ ಬಂತಾ?"

ಬದುಕಿದ್ದಾನೆ ಎಂದರೆ ತಾಳಿ ಎಲ್ಲಿ ಎಂದು ಕೇಳುತ್ತಾರೆ. ನಿಜ ಹೇಳಿದರೆ ಮನೆ ಬಿಡಬೇಕು. ಅಷ್ಟರಲ್ಲಿ ಆಂಟಿ ನನ್ನನ್ನು ತಬ್ಬಿಕೊಂಡು ಗಟ್ಟಿಯಾಗಿ ಅಳತೊಡಗಿದರು. ಅಕ್ಕಪಕ್ಕದ ಬಾಗಿಲುಗಳು ತೆರೆದುಕೊಂಡವು. ನನಗೂ ಅಳು ಒತ್ತರಿಸಿ ಬಂತು, ಅದು ನಾಟಕವಾಗಿರಲಿಲ್ಲ. ಸತ್ತುಹೋದ ಗಂಡನ ಮೇಲೆ ಮುಂದಿನ ತಿಂಗಳು ಕೇಸು ನಡೆಸಲು ಈ ಗೇಟು ದಾಟಿಯೇ ಹೋಗಬೇಕಿತ್ತು.