ಕಂಬದ ತಾತನ ಕೋಲು

ಕಂಬದ ತಾತನ ಕುತ್ತಿಗೆ ಎಡಕ್ಕೆ ವಾಲಿಯೇ ಇರುತ್ತಿತ್ತು, ಮೇಲಿನಿಂದ ಯಾರೋ ಗುಟ್ಟು ಹೇಳುತ್ತಿದ್ದಾರೇನೋ ಎಂಬಂತೆ. ಕೋರಮಂಡಲ್ ಚಿನ್ನದ ಗಣಿ ಮುಚ್ಚುವವರೆಗೂ ನೆಲದಡಿಯಲ್ಲಿ ಮೇಲ್ಬಂಡೆಗೆ ಮರದ ಕಂಬ ಕೊಟ್ಟು ನಿಲ್ಲಿಸುವುದೇ ಅವರ ಕೆಲಸ. ಕೋಲಿನಿಂದ ಬಂಡೆ ಬಡಿದು ಕಿವಿಗೊಡಬೇಕು. ಟಣ್ ಎಂದರೆ ಗಟ್ಟಿ. ಬದ್ ಎಂದರೆ ಸಡಿಲ, ಅಲ್ಲಿಗೆ ಕಂಬ ಬೇಕು. ಕೇಳಿ ಕೇಳಿ ಕುತ್ತಿಗೆ ಹಾಗೇ ನಿಂತುಬಿಟ್ಟಿತ್ತು.

ಗಣಿ ಹೋದರೂ ಅಭ್ಯಾಸ ಹೋಗಲಿಲ್ಲ. ಯಾರ ಮನೆಗೆ ಹೋದರೂ ಬಾಗಿಲಲ್ಲಿ ನಿಂತು, ಊರುಗೋಲಿನಿಂದ ಸೂರಿಗೆ ಎರಡೇಟು ಬಡಿದೇ ಒಳಗೆ ಕಾಲಿಡುವರು. ಜನ ನಕ್ಕರೆ ಅವರೂ ನಗುವರು. "ನಗ್ರಪ್ಪಾ ನಗ್ರಿ. ನಾ ಕೊಟ್ಟ ಕಂಬದ ಕೆಳಗೆ ಒಬ್ಬನ್ಗೂ ಒಂದು ತರಚು ಗಾಯ ಆಗಿಲ್ಲ. ನನ್ನತ್ರ ಇರೋ ಆಸ್ತಿ ಅದೊಂದೇ."

ನಾನು ಬೂದಿಕೋಟೆ ಹತ್ತಿರದ ನಮ್ಮ ಹೊಲದಲ್ಲಿ ಒಂದು ಮನೆ, ಅದಕ್ಕಂಟಿ ಒಂದು ವರ್ಕ್‌ಶಾಪು ಕಟ್ಟಲು ಹೊರಟಾಗ ತಾತ ಕರೆಯದೇ ಬಂದರು. ನಮ್ಮಪ್ಪನ ಜೊತೆ ಗಣಿಗಿಳಿದ ಸಲುಗೆ. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವರು. ಮನೆ ಇನ್ನೂ ತಳಪಾಯದಲ್ಲೇ ಇತ್ತು. ವರ್ಕ್‌ಶಾಪಿಗೆ ಮಾತ್ರ ತಾರಸಿ ಹಾಕಿ ಅದರಡಿ ನೀಲಗಿರಿ ಕಂಬಗಳನ್ನು ಕೊಟ್ಟಿದ್ದೆವು. ತಾತ ಒಂದೊಂದನ್ನೂ ತಟ್ಟಿ, ಸಡಿಲವಾದ ಕಡೆ ಬೆಣೆ ಹೊಡೆಯುವರು. "ಕಣ್ಣೂ," ತಮಿಳಿನ ಮುದ್ದಿನಲ್ಲಿ ಎಲ್ಲರನ್ನೂ ಹಾಗೇ ಕರೆಯುವರು, "ತಾರಸಿ ಇನ್ನಾ ಅಸಿ ಐತೆ. ನಾ ಏಳೋಗಂಟ ಒಂದು ಕಂಬಾನೂ ಮುಟ್‌ಬ್ಯಾಡ."

ಮುಟ್ಟಿದೆ. ನನಗೋ ಲೇತ್ ಯಂತ್ರದ ಹುಚ್ಚು. ಅದು ಎಲ್ಲಿ ಕೂತರೆ ಚೆನ್ನ ಎಂದು ಅದರಷ್ಟೇ ಉದ್ದದ ರಟ್ಟು ಹಾಸಿ ನೋಡುವ ಆಸೆ. ನಡುವಿನ ಎರಡು ಕಂಬ ಅಡ್ಡ. ಒಂದು ಸಂಜೆ, ತಾತನೂ ಮೇಸ್ತ್ರಿಯೂ ಹೊರಟ ಮೇಲೆ, ಎರಡನ್ನೂ ಕಿತ್ತು ಗೋಡೆಗೊರಗಿಸಿದೆ. ರಟ್ಟು ಹಾಸಿ, ಆ ಕಡೆ ಈ ಕಡೆ ನಿಂತು ನೋಡಿ, ಹಿಗ್ಗಿ, ರಟ್ಟನ್ನು ಮಡಚಿಕೊಂಡು ಹೊರಟೆ. ಕಂಬ ಬೆಳಿಗ್ಗೆ ನಿಲ್ಲಿಸಿದರಾಯ್ತು ಎಂದುಕೊಂಡೆ.

ಬೆಳಿಗ್ಗೆ ಹೋಗುವಷ್ಟರಲ್ಲಿ ತಾರಸಿ ನಡುವೆ ಜಗ್ಗಿತ್ತು. ತೋಳುದ್ದದ ಬಿರುಕು. ಮೇಸ್ತ್ರಿ ತಲೆ ಚಚ್ಚಿಕೊಳ್ಳುತ್ತಿದ್ದ. "ಯಾವನ್ಲಾ ಕಂಬ ಕಿತ್ತೋನು? ಅವನ ಕೈ ಸೇದೋಗ!"

ನನ್ನ ಹೆಂಡತಿ ಪಕ್ಕದಲ್ಲೇ ಇದ್ದಳು. ನನ್ನ ಬಾಯಿಗೆ ಬಂದದ್ದು ಇಷ್ಟು: "ನಿನ್ನೆ ಕೊನೇಲಿ ಬೆಣೆ ಹೊಡೆದದ್ದು ತಾತ ಅಲ್ವಾ?"

ಅಷ್ಟೇ ಸಾಕಾಯಿತು. ಬಸ್ಸಿಳಿದು ಬರುತ್ತಿದ್ದ ತಾತನ ಮೇಲೆ ಮೇಸ್ತ್ರಿ ಹರಿಹಾಯ್ದ. "ಏನ್ ತಾತಾ, ಗಣಿ ಮುಳುಗ್ಸಿದ್ದು ಸಾಲ್ದು ಅಂತ ಈ ಮನೆ ಮುಳುಗ್ಸಕ್ಕೆ ಬಂದ್ಯಾ? ವಯಸ್ಸಾದ್ಮೇಲೆ ಮನೇಲಿ ಬಿದ್ದಿರಕ್ಕೇನು?"

ತಾತ ಒಳಗೆ ಹೋಗಿ ಬಿರುಕಿನ ಹತ್ತಿರ ಬಡಿದರು. ಬದ್. ಕೋಲು ಇಳಿಸಿ ತಮ್ಮ ಅಂಗೈಗಳನ್ನೇ ನೋಡಿಕೊಂಡರು. "ಬೆಣೆ ಒಡ್ದಿದ್ದು ನೆಪ್ಪೈತೆ… ಕಿತ್ನಾ?" ನನ್ನ ಕಡೆ ತಿರುಗಿದರು. "ಕಣ್ಣೂ, ನಾನೇ ಕಿತ್ನಾ? ನೀ ನೋಡ್ದ್ಯಾ?"

"ಹೋಗ್ಲಿ ಬಿಡಿ ತಾತ, ವಯಸ್ಸಾಯ್ತಲ್ಲ" ಎಂದೆ. ನೋಡಿ, ನನ್ನ ತಪ್ಪನ್ನು ನಾನು ಅವರಿಗೆ ಕ್ಷಮಿಸಿದೆ.

ಆಮೇಲೆ ಅವರು ಬರಲಿಲ್ಲ. ಮೇಸ್ತ್ರಿ ಬಿರುಕಿನಡಿ ಕಬ್ಬಿಣದ ತೊಲೆ ಕೊಟ್ಟ. ಲೇತ್ ಬಂತು, ಮನೆಗೂ ಸೂರು ಹಾಕಿದ್ದಾಯಿತು. ನಿಜ ಹೇಳಲೆಂದು ಎರಡು ಸಲ ಕೋರಮಂಡಲ್‌ನ ಅವರ ಮನೆಗೆ ಹೋದೆ. ಎರಡು ಸಲವೂ ಟೀ ಕುಡಿದು ವಾಪಸಾದೆ. ಕೋಲು ಗೋಡೆಯ ಮೊಳೆಗೆ ನೇತಾಡುತ್ತಿತ್ತು. "ಈಗ ಬಡಿಯಾಕಿಲ್ಲ ಕಣ್ಣೂ. ನನ್ನ ಕೈನೇ ನಂಬಂಗಿಲ್ಲ, ಇನ್ನ ಕಿವಿ ಏನ್ ನಂಬ್ಲಿ" ಎಂದರು.

ಕಳೆದ ಕಾರ್ತಿಕದಲ್ಲಿ ತಾತ ಹೋದರು. ಮಣ್ಣು ಮಾಡಿ ಬಂದ ಮೇಲೆ ಅವರ ಮಗಳು ಮೊಳೆಯಿಂದ ಕೋಲು ತೆಗೆದು ನನ್ನ ಕೈಗಿಟ್ಟಳು. "ನಿಮ್ಗೇ ಕೊಡು ಅಂದ್ರಣ್ಣಾ. ಅವನ ಮನೆ ಕೆಡ್ಸಿಬಿಟ್ಟೆ, ಒಳಗೋಗೋ ಮುಂಚೆ ದಿನಾ ಬಡ್ದು ನೋಡ್ಕಳ್ಳಿ ಅಂತಿದ್ರು."

"ಕಿತ್ತಿದ್ದು ನಾನಮ್ಮ" ಎಂದೆ.

ಆಕೆ ನನ್ನ ಮುಖ ನೋಡಿದಳು. ಕೋಲು ವಾಪಸು ಕೇಳಲಿಲ್ಲ. "ಅಪ್ಪ ಕೇಳ್ದಾಗ ಏಳ್ಬೇಕಿತ್ತಣ್ಣಾ" ಎಂದು ಒಳಗೆ ಹೋದಳು.

ಈಗ ದಿನಾ ಬೆಳಿಗ್ಗೆ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ಬಡಿಯುತ್ತೇನೆ. ಸುತ್ತ ಎಲ್ಲ ಟಣ್ ಎನ್ನುತ್ತದೆ. ಬಿರುಕಿನ ಹತ್ತಿರ ಬದ್. ತಾತನ ಕಿವಿ ಸರಿಯಾಗಿಯೇ ಇತ್ತು.