ಸೋಸದ ನೀರು

ನಿಜಾಮರ ಆಡಳಿತ ಮುಗಿದು, ಕಚೇರಿಯ ಕಾಗದಗಳು ಇನ್ನೂ ಉರ್ದುವಿನಲ್ಲೇ ಓಡಾಡುತ್ತಿದ್ದ ಕಾಲದಲ್ಲಿ ನನಗೆ ಸರ್ಕಾರಿ ನೌಕರಿ ಸಿಕ್ಕಿತು. ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳನ್ನು ಸುತ್ತಿ, ಕೆರೆ ಹೊಳೆಗಳ ನೀರನ್ನು ಸೀಸೆಗೆ ತುಂಬಿ ಕಲಬುರ್ಗಿಗೆ ಪರೀಕ್ಷೆಗೆ ಕಳಿಸುವುದು ನನ್ನ ಕೆಲಸ. "ಇಷ್ಟು ಓದಿಸಿದ್ದಕ್ಕ ನೀರು ಹೊರೋ ಕೆಲಸ ಹಿಡದಾನ ನೋಡ್ರಿ" ಎಂದು ನಮ್ಮವ್ವ ಓಣಿಗೆಲ್ಲ ಹೇಳಿ ನಗುತ್ತಿದ್ದಳು. ನಾನು ಮಾತ್ರ ಸೈಕಲ್ಲಿಗೆ ಸೀಸೆಗಳ ಪೆಟ್ಟಿಗೆ ಕಟ್ಟಿಕೊಂಡು, ತಲೆಗೆ ಟೊಪ್ಪಿಗೆ ಏರಿಸಿ, ದೊಡ್ಡ ಸಾಹೇಬನ ಗತ್ತಿನಲ್ಲೇ ಹೊರಡುತ್ತಿದ್ದೆ.

ಆಗ ನಮ್ಮ ಕಡೆ ನಾರುಹುಣ್ಣಿನ ಕಾಟ ವಿಪರೀತ. ಕೆರೆಯ ನೀರಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಹುಳ. ಆ ನೀರು ಕುಡಿದವರ ಕಾಲಿನಿಂದ ವರ್ಷದ ಮೇಲೆ ದಾರದಂಥ ಹುಳ ಹೊರಬರುತ್ತಿತ್ತು. ಸೀಸೆಯ ನೀರಿನಲ್ಲಿ ಸಣ್ಣ ಹುಳ ಸಿಕ್ಕರೆ ಆ ಊರಿಗೆ, ಯಾರೂ ನೀರಿಗೆ ಕಾಲಿಡಲಾಗದಂಥ ಸೇದುವ ಬಾವಿ ತೋಡಿಸುತ್ತಿದ್ದರು. ಸಿಗದಿದ್ದರೆ ಇಲ್ಲ.

ಶಿರವಾಳದ ಆಚೆಗಿನ ಒಂದು ಸಣ್ಣ ಊರಿಗೆ ಹೋದಾಗ ನಡು ಮಧ್ಯಾಹ್ನ. ಕೆರೆಯ ದಂಡೆಯ ಮನೆಯ ಮುದುಕಿ ನನ್ನನ್ನು ನೀರಿಗೆ ಇಳಿಯಲು ಬಿಡಲೇ ಇಲ್ಲ.

"ಬಂದ ಮಂದಿ ತಾವ ನೀರು ತುಂಬ್ಕೊಂಡ್ರ ಊರ ಮರ್ಯಾದಿ ಏನಾತ್ರಿ? ಕುಂದರ್ರಿ ಸಾಹೇಬ್ರ, ಸೀಸಿ ಇಲ್ಲಿ ಕೊಡ್ರಿ" ಎಂದು ಕೈಯಿಂದ ಕಸಿದುಕೊಂಡೇ ಹೋದಳು. ಹಿಂದೆ ಹೋಗೋಣವೆಂದರೆ ಯಾರೋ ಜೋಳದ ರೊಟ್ಟಿ, ಪುಂಡಿಪಲ್ಯ ತಂದು ಮುಂದಿಟ್ಟರು. ಹೊಟ್ಟೆ ಚುರುಗುಟ್ಟುತ್ತಿತ್ತು, ಕೂತೆ.

ಪಡಸಾಲೆಯ ಹೊರಸಿನ ಮೇಲೆ ಮುದುಕಿಯ ಸೊಸೆ ಕಾಲು ಚಾಚಿ ಒರಗಿದ್ದಳು. ತುಂಬು ಬಸುರಿ. ಹಿಮ್ಮಡಿಯ ಹುಣ್ಣಿನಿಂದ ಹೊರಬಂದ ಹುಳವನ್ನು ಕಡ್ಡಿಗೆ ಸುತ್ತಿ, ಮೇಲೆ ಬಟ್ಟೆ ಕಟ್ಟಿದ್ದರು. ಎಳೆದರೆ ಹರಿಯುತ್ತದೆಂದು ದಿನಕ್ಕೆ ಇಷ್ಟಿಷ್ಟೇ ಸುತ್ತುವುದು. ಹೋದ ವರ್ಷ ಇನ್ನೊಂದು ಕಾಲಿಗೆ ಆಗಿತ್ತಂತೆ. ನೋಡಿದ ಮೇಲೆ ರೊಟ್ಟಿ ಮಡಚಿ ಬದಿಗಿಟ್ಟೆ.

ಮುದುಕಿ ಸೀಸೆ ತಂದಳು. ಒಳಗಿನ ನೀರು ಫಳಫಳ ಹೊಳೆಯುತ್ತಿತ್ತು. ಹೊರಗೆ ಎಮ್ಮೆಗಳು ಬಿದ್ದುಕೊಂಡಿದ್ದ ಕೆರೆ ನೋಡಿದರೆ ಚಹಾದ ಬಣ್ಣ.

"ಯವ್ವಾ, ಇದು ಯಾವ ಕೆರಿ ನೀರು?"

"ಇದ ಕೆರಿದ್ರಿ! ಸೀಸಿ ಬೂದಿ ಹಚ್ಚಿ ತಿಕ್ಕೀನಿ. ಹೊಸ ಧೋತರ ಎರಡು ಪದರ ಮಾಡಿ ಸೋಸೀನಿ. ಕಲಬುರ್ಗಿ ಸಾಹೇಬ್ರು ನೋಡೋ ನೀರು, ಹಂಗ ಕೊಡಾಕ ಬರ್ತದೇನ್ರಿ?"

ಮೈಯೆಲ್ಲ ಉರಿಯಿತು. ನಾನು ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟಿರುವ ಮನುಷ್ಯ. "ನೀವೂ ದಿನಾ ಸೋಸೇ ಕುಡೀತೀರೇನು?" ಎಂದು ಕೊಂಕು ನುಡಿದೆ.

"ನಾವ್ಯಾಕ ಸೋಸೋಣ್ರಿ? ನಾವು ಮನಿ ಮಂದಿ. ಸೋಸೋದು ದೇವ್ರಿಗಿ, ಬಂದವ್ರಿಗಿ."

ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹುಳವನ್ನು ತಡೆಯುವ ಬಟ್ಟೆ ಆ ಮನೆಯಲ್ಲೇ ಇತ್ತು. ಅತಿಥಿಗಳಿಗಾಗಿ ಮಡಿಚಿಟ್ಟಿದ್ದರು, ಅಷ್ಟೇ. ಸೋಸಿದರೆ ಹುಳ ಬಟ್ಟೆಯಲ್ಲೇ ಉಳಿಯುತ್ತದೆ, ಈ ಸೀಸೆ ಹೋದರೆ ನಿಮಗೆ ಬಾವಿ ಬರುವುದಿಲ್ಲ ಎಂದು ತಿಳಿಸಿ ಹೇಳಿದೆ. ಮುದುಕಿ ಬಗ್ಗಲಿಲ್ಲ.

"ನಮ್ಮೂರ ಹೊಲಸು ಸೀಸ್ಯಾಗ ತುಂಬಿ ಊರೂರು ಮೆರಸ್ತೀರೇನ್ರಿ? ನಾಳಿ ಈ ಊರಿಗಿ ಹೆಣ್ಣು ಯಾರು ಕೊಡ್ತಾರ?"

ಹೊರಸಿನ ಮೇಲಿದ್ದ ಸೊಸೆ ಕಾಲಿನ ಬಟ್ಟೆ ಸರಿಸಿದಳು. "ಕೊಟ್ಟಾರಲ್ರೀ ಅತ್ತಿ, ನನ್ನ ಕೊಟ್ಟಾರ. ಇಲ್ಲಿ ನೋಡ್ರಿ. ಹುಟ್ಟೋ ಕೂಸಿಗೂ ಇದ ನೀರು ಕುಡಸೋದೇನ್ರಿ?"

ಮುದುಕಿ ಆ ಕಾಲಿಗೆ ಮತ್ತೆ ಬಟ್ಟೆ ಮುಚ್ಚಿದಳು. ಆಮೇಲೆ ಸೀಸೆಯ ನೀರನ್ನು ಅಂಗಳಕ್ಕೆ ಚೆಲ್ಲಿದಳು. "ನಡ್ರಿ, ನೀವ ತುಂಬ್ಕೋರಿ. ನನ್ನ ಕೈಲೆ ಆಗಂಗಿಲ್ಲ."

ನಾನು ಪೆಟ್ಟಿಗೆಯಿಂದ ಬೇರೆ ಸೀಸೆ ತೆಗೆದು ಕೆರೆಗಿಳಿದು ಮುಳುಗಿಸುವಾಗ ಅವಳು ಸೆರಗು ಮುಖಕ್ಕೆಳೆದು ಆ ಕಡೆ ತಿರುಗಿ ನಿಂತಿದ್ದಳು. ದಾರಿಯ ಊರುಗಳಲ್ಲಿ ಯಾರೂ ನೋಡಬಾರದೆಂದು ಸೀಸೆಗೆ ಹಳೆ ಅರಿವೆ ಸುತ್ತಿ ಕೊಟ್ಟಳು. "ಬಾವಿ ಆಗೋತನ ಆ ಧೋತರಲೆ ಸೊಸಿಗಿ ಮೊದಲು ಸೋಸಿ ಕೊಡು ಯವ್ವಾ" ಎಂದೆ. ಸೈಕಲ್ಲಿಗೆ ಪೆಟ್ಟಿಗೆ ಕಟ್ಟಿ ಹೊರಟೆ.

ಹುಳ ಸಿಕ್ಕಿತು. ಒಂದು ಬೇಸಿಗೆ ಕಳೆದು ಬಾವಿಯೂ ಆಯಿತು. ಅದರ ನೀರು ಪರೀಕ್ಷೆಗೆ ಒಯ್ಯಲು ನಾನೇ ಹೋದೆ. ಸೊಸೆ ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದಳು. ನಡೆಯುವಾಗ ಕಾಲು ಸ್ವಲ್ಪ ಎಳೆಯುತ್ತಿತ್ತು, ಅದು ಹಾಗೇ ಉಳಿಯಿತು. ಪಡಸಾಲೆಯಲ್ಲಿ ಜೋಳಿಗೆಯ ತೊಟ್ಟಿಲು ತೂಗುತ್ತಿತ್ತು. ನೋಡಿದರೆ ಅದೇ ಧೋತರ. ಒಳಗೆ ಕೂಸು ಮಲಗಿತ್ತು.

ಮುದುಕಿ ತಂಬಿಗೆ ತುಂಬ ಬಾವಿಯ ನೀರು ತಂದು ನನ್ನ ಮುಂದೆ ಹಿಡಿದಳು.

"ಸೋಸಿಲ್ರಿ," ಎಂದಳು. "ಹಂಗ ಕುಡೀರಿ."

ಎರಡೂ ಕೈಯಲ್ಲಿ ತಂಬಿಗೆ ಹಿಡಿದೆ. ತಳ ಕಾಣುವವರೆಗೂ ಕುಡಿದೆ.